ಅನಿಮೆ ಮ್ಯೂಸಿಕ್ ಎದೆಗೆ ಇಳೀಬೇಕು ಅಂದ್ರೆ ಹೇಗೆ ಕೇಳ್ಬೇಕು

ಮೊದಲನೇದು, ಅನಿಮೆ (ಜಪಾನಿನ ಆನಿಮೇಷನ್) ನೋಡೋವಾಗ ಓಪನಿಂಗ್, ಅಂದ್ರೆ ಎಪಿಸೋಡಿನ ಶುರುವಲ್ಲಿ ಬರೋ ಹಾಡು, ಸ್ಕಿಪ್ ಮಾಡ್ಬೇಡಿ. ಇರೋದೇ ಒಂದೂವರೆ ನಿಮಿಷ, ಆದ್ರೂ ಮೂರನೇ ಎಪಿಸೋಡ್ ಹೊತ್ತಿಗೆ ಸುಮಾರು ಜನ ಆ ಬಟನ್ ಒತ್ತೋಕೆ ಶುರು ಮಾಡ್ತಾರೆ, ಆಮೇಲೆ ಕೊನೇ ಎಪಿಸೋಡಲ್ಲಿ ಅದೇ ಟ್ಯೂನ್ ಬರೀ ಪಿಯಾನೋದಲ್ಲಿ ನಿಧಾನಕ್ಕೆ ಬಂದಾಗ ಪಕ್ಕದಲ್ಲಿ ಕೂತವರ ಕಣ್ಣು ತುಂಬಿರುತ್ತೆ, ಇವರಿಗೆ ಏನೂ ಆಗಿರಲ್ಲ. ಟ್ಯೂನ್ ಚೆನ್ನಾಗಿಲ್ಲ ಅಂತ ಅಲ್ಲ, ಇವರ ಕಿವಿಗೆ ಅದು ಪರಿಚಯನೇ ಆಗಿರ್ಲಿಲ್ಲ. ಅನಿಮೆ ಸಂಗೀತ ಕಣ್ಣಲ್ಲಿ ನೀರು ತರಿಸೋದು ಪರಿಚಯದ ಬಲದಿಂದ ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಕೆಳಗೆ ಹೇಳೋದೆಲ್ಲ ಆ ಪರಿಚಯ ಬೆಳೆಸ್ಕೊಳ್ಳೋದು ಹೇಗೆ ಅಂತಾನೇ.

ಇದಕ್ಕೆ ಒಂದು ಕಾರಣ ಇದೆ. ಸಿನಿಮಾದಲ್ಲಾದ್ರೆ ಸಾಮಾನ್ಯವಾಗಿ ಚಿತ್ರ ಮುಂದಿಟ್ಕೊಂಡು ಅದಕ್ಕೆ ತಕ್ಕಂತೆ ಸಂಗೀತ ಮಾಡ್ತಾರೆ. ಟಿವಿ ಅನಿಮೆಯಲ್ಲಿ ಹೆಚ್ಚಾಗಿ ಹಾಗಲ್ಲ, ಸೌಂಡ್ ಡೈರೆಕ್ಟರ್ ಮೊದಲೇ ಒಂದು ಪಟ್ಟಿ ಕೊಡ್ತಾರೆ, ಜಗಳಕ್ಕೊಂದು, ದುಃಖಕ್ಕೊಂದು, ದಿನನಿತ್ಯದ ಸೀನಿಗೊಂದು ಅಂತ, ಕಂಪೋಸರ್ ಅದನ್ನ ನೋಡ್ಕೊಂಡು ಟ್ರ್ಯಾಕ್ ಮಾಡಿಕೊಡ್ತಾರೆ, ಆಮೇಲೆ ಅವನ್ನೇ ಎಪಿಸೋಡುಗಳಲ್ಲಿ ಬೇಕಾದ ಕಡೆ ಕೂರಿಸ್ತಾರೆ. ಹಾಗಾಗಿ ಒಂದೇ ಟ್ರ್ಯಾಕ್ ಶುರುವಲ್ಲಿ ಇಬ್ಬರು ಸುಮ್ನೆ ನಡ್ಕೊಂಡು ಹೋಗೋ ಸೀನಲ್ಲೂ ಬರಬಹುದು, ಹದಿನೈದು ಎಪಿಸೋಡ್ ಆದ್ಮೇಲೆ ಅವರಲ್ಲಿ ಒಬ್ಬರು ಇಲ್ಲದೇ ಇರೋ ಸೀನಲ್ಲೂ ಬರಬಹುದು. ಎರಡನೇ ಸಲ ಕೇಳ್ದಾಗ ಗಂಟಲು ಕಟ್ಟಿಬರೋದು ಮೊದಲನೇ ಸೀನ್ ನೆನಪಾಗಿ. ಅದಕ್ಕೇ ಸಾಧಾರಣ ಸೀನುಗಳಲ್ಲಿ ಹಿಂದುಗಡೆ ಏನು ನುಡಿಸ್ತಿದಾರೆ ಅಂತ ಸ್ವಲ್ಪ ಕಿವಿ ಕೊಡಿ, ಊಟದ ಸೀನು, ಸ್ಕೂಲಿಂದ ವಾಪಸ್ ಬರೋ ಸೀನು, ಯಾರೂ ಗಮನ ಕೊಡದೇ ಇರೋ ಇಂಥವು. ಟ್ಯೂನ್ ಹೆಸರು ಗೊತ್ತಿರ್ಬೇಕಾಗಿಲ್ಲ, ಬಾಯಲ್ಲಿ ಒಂದ್ಸಲ ಗುನುಗಿದ್ರೆ ಸಾಕು, ತಲೇಲಿ ಕೂತ್ಕೊಳ್ಳುತ್ತೆ.

ಎಂಡಿಂಗೂ, ಅಂದ್ರೆ ಎಪಿಸೋಡಿನ ಕೊನೇಲಿ ಬರೋ ಹಾಡೂ ಅಷ್ಟೇ, ಮುಂದಿನ ಎಪಿಸೋಡ್ ತಾನಾಗೇ ಶುರುವಾಗೋ ಸೆಟ್ಟಿಂಗ್ ಆಫ್ ಮಾಡಿ. 2011ರ ಆನೋಹಾನಾ ನೋಡಿ, ಹನ್ನೊಂದೇ ಎಪಿಸೋಡ್, ಅದರ ಎಂಡಿಂಗ್ ಹಾಡು ಝೋನ್ ಅನ್ನೋ ಬ್ಯಾಂಡಿನ 2001ರ ಹಾಡು, ಹತ್ತು ವರ್ಷ ಆದ್ಮೇಲೆ ಅದನ್ನ ಮತ್ತೆ ಹಾಡಿದವರು ಕಥೆಯಲ್ಲಿರೋ ಮೂರು ಹುಡುಗೀರಿಗೆ ದನಿ ಕೊಟ್ಟ ಕಲಾವಿದೆಯರೇ. ಕಥೆನೂ ಚಿಕ್ಕಂದಿನಲ್ಲಿ ಬೇರೆಯಾದ ಗೆಳೆಯರು ವರ್ಷಗಳಾದ್ಮೇಲೆ ಸೇರೋದು, ಹಾಡೂ ಒಂದು ಬೇಸಿಗೆ ಮುಗಿದು ಬೇರೆಯಾಗೋದರ ಬಗ್ಗೆ. ಸುಮಾರು ಎಪಿಸೋಡಲ್ಲಿ ಸೀನ್ ಇನ್ನೂ ನಡೀತಿರೋವಾಗ್ಲೇ ಆ ಹಾಡು ಮೆಲ್ಲಗೆ ಶುರುವಾಗುತ್ತೆ, ಎಲ್ಲಿ ಕಥೆ ಮುಗೀತು ಎಲ್ಲಿ ಹಾಡು ಶುರುವಾಯ್ತು ಅಂತ ಗೊತ್ತೇ ಆಗಲ್ಲ. ಪ್ರತೀ ಸಲ ಪೂರ್ತಿ ಕೇಳ್ಕೊಂಡು ಬಂದವರಿಗೆ ಕೊನೇ ಎಪಿಸೋಡಲ್ಲಿ ಅದರ ಮೊದಲ ಸಾಲು ಬರೋ ಹೊತ್ತಿಗೇ ಕಣ್ಣೀರು ತಡೆಯೋಕಾಗಲ್ಲ. ಮುಶಿಶಿಯಲ್ಲಿ ಇನ್ನೊಂದು ಥರ, ಅಲ್ಲಿ ಪ್ರತೀ ಎಪಿಸೋಡಿಗೂ ಕೊನೇಲಿ ಬೇರೆ ಬೇರೆ ಸಂಗೀತ, ಆ ಕಥೆಗೇ ಅಂತ ಮಾಡಿದ್ದು, ಅದನ್ನ ಸ್ಕಿಪ್ ಮಾಡಿದ್ರೆ ಕಥೆ ಅರ್ಧಕ್ಕೇ ಬಿಟ್ಟಂಗೆ.

ಹೆಡ್‌ಫೋನ್ ವಿಷ್ಯಕ್ಕೆ ತುಂಬ ತಲೆ ಕೆಡಿಸ್ಕೊಳ್ಬೇಡಿ, ಸಾಧಾರಣದ್ದೇ ಸಾಕು, ಫೋನ್ ಸ್ಪೀಕರ್ ಮಾತ್ರ ಬೇಡ, ಕೆಳಗಿನ ಸ್ವರ ಕೇಳಿಸೋದೇ ಇಲ್ಲ. ಒಂದೂವರೆ ಪಟ್ಟು ಸ್ಪೀಡಲ್ಲಿ ನೋಡೋದಂತೂ ದಯವಿಟ್ಟು ಬೇಡ.

ಈಗ ನಂಗೆ ತುಂಬ ಇಷ್ಟದ ಭಾಗ. ಮನಸ್ಸಿಗೆ ತಾಗಿದ ಒಂದು ಸೀನ್ ತಗೊಂಡು ಮೂರು ಸಲ ನೋಡಿ. ಒಂದ್ಸಲ ಮಾಮೂಲಿನಂಗೆ, ಒಂದ್ಸಲ ಮ್ಯೂಟ್ ಮಾಡಿ, ಇನ್ನೊಂದ್ಸಲ ಕಣ್ಣು ಮುಚ್ಕೊಂಡು. ಕಣ್ಣು ಮುಚ್ಚಿ ಕೇಳೋವಾಗ ಸಂಗೀತ ಎಲ್ಲಿ ಶುರುವಾಗುತ್ತೆ ಅನ್ನೋದಕ್ಕಿಂತ ಅದಕ್ಕೆ ಮುಂಚೆ ಏನು ನಿಂತುಹೋಯ್ತು ಅಂತ ಗಮನಿಸಿ. ಕೌಬಾಯ್ ಬೀಬಾಪ್ 1998ರದ್ದು, ಯೋಕೋ ಕಾನ್ನೋ ಸಂಗೀತ, ಓಪನಿಂಗಲ್ಲೇ ಸೀಟ್‌ಬೆಲ್ಟ್ಸ್ ಬ್ಯಾಂಡಿನ ಜಾಝ್ ಕೇಳಿ ಕಾಲು ತಾಳ ಹಾಕೋಕೆ ಶುರು ಮಾಡುತ್ತೆ, ಆದ್ರೆ 5ನೇ ಎಪಿಸೋಡಲ್ಲಿ ಚರ್ಚ್ ಒಳಗೆ ಗುಂಡಿನ ಸದ್ದು ಕಿವಿ ತುಂಬಿರೋವಾಗ ನಾಯಕ ಸ್ಪೈಕ್, ಬಣ್ಣದ ಗಾಜಿನ ಕಿಟಕಿ ಒಡ್ಕೊಂಡು ಕೆಳಗೆ ಬೀಳ್ತಾನೆ, ಆಗ ಗಲಾಟೆ ಎಲ್ಲ ಹಿಂದೆ ಸರಿದು ಪಿಯಾನೋ ಮತ್ತೆ ಎಳೇ ದನಿಗಳ ಹಾಡು ಮಾತ್ರ ಉಳಿಯುತ್ತೆ, ಅವನ ಹಳೇ ನೆನಪುಗಳು ಚೂರು ಚೂರಾಗಿ ಬಂದು ಹೋಗ್ತವೆ. ನಾನು ಆ ಸೀನ್ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಈಗ್ಲೂ ಮೈ ಜುಮ್ ಅನ್ನುತ್ತೆ.

ಹಾಗೇ ಸಂಗೀತ ಸೀನಿಗೆ ಹೊಂದ್ತಾ ಇದೆಯಾ ಇಲ್ಲಾ ಎದುರು ನಿಂತಿದೆಯಾ ಅಂತಾನೂ ನೋಡಿ. ಇವಾಂಜೆಲಿಯನ್ 24ನೇ ಎಪಿಸೋಡಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಬರುತ್ತೆ, ಆನಂದವನ್ನ ಹಾಡೋ ಕೋರಸ್ ಅದು, ತೆರೆ ಮೇಲೆ ಮಾತ್ರ ಒಬ್ಬ ಹುಡುಗ ತನ್ನನ್ನ ಪ್ರೀತಿಯಿಂದ ನೋಡಿದವನನ್ನೇ ಕೊಲ್ಲಬೇಕಾಗಿ ಬಂದು, ತಾನು ನಡೆಸೋ ದೈತ್ಯ ಯಂತ್ರದ ಕೈಯಲ್ಲಿ ಹಿಡ್ಕೊಂಡು ನಿಂತಿದಾನೆ, ಸುಮಾರು ಒಂದು ನಿಮಿಷ ಚಿತ್ರ ಅಲ್ಲಾಡೋದೇ ಇಲ್ಲ. ಅಲ್ಲಿ ದುಃಖದ ವಯಲಿನ್ ಹಾಕಿದ್ದಿದ್ರೆ ಇಷ್ಟು ಹಿಂಸೆ ಆಗ್ತಿರ್ಲಿಲ್ಲ.

ವಾದ್ಯಗಳ ಸದ್ದಿಗೂ ಕಿವಿ ಕೊಡಿ. ವೈಲೆಟ್ ಎವರ್‌ಗಾರ್ಡನ್‌ಗೆ ಎವನ್ ಕಾಲ್ ಮಾಡಿರೋ ಸಂಗೀತದಲ್ಲಿ ಟೈಪ್‌ರೈಟರ್ ಸದ್ದನ್ನೇ ತಾಳವಾದ್ಯದ ಥರ ಬಳಸಿದಾರೆ, ಯಾಕಂದ್ರೆ ಕಥೆಯ ನಾಯಕಿ ವೈಲೆಟ್‌ಳ ಕೆಲಸ ಬೇರೆಯವರಿಗೋಸ್ಕರ ಪತ್ರ ಟೈಪ್ ಮಾಡೋದು. ಒಂದ್ಸಲ ಗೊತ್ತಾದ್ಮೇಲೆ ಆ ಟಕಟಕ ಕೇಳ್ದಾಗೆಲ್ಲ ಅವಳ ಕೈ ನೆನಪಾಗುತ್ತೆ.

ಓಎಸ್‌ಟಿ, ಅಂದ್ರೆ ಸೀರೀಸಿನ ಸಂಗೀತದ ಆಲ್ಬಮ್, ಅದನ್ನ ಮಾತ್ರ ಸೀರೀಸ್ ಮುಗಿಯೋವರೆಗೂ ಕೇಳ್ಬೇಡಿ. ನಾನು ಒಂದು ಸೀರೀಸಿಗೆ ಈ ತಪ್ಪು ಮಾಡಿದೀನಿ, ಅರ್ಧ ನೋಡಿ ಪೂರ್ತಿ ಓಎಸ್‌ಟಿ ವಾರಗಟ್ಟಲೆ ಕೆಲಸದ ಮಧ್ಯೆ ಹಾಕ್ಕೊಂಡು ಕೇಳ್ದೆ, ಕೊನೇ ಎಪಿಸೋಡಲ್ಲಿ ಆ ಟ್ರ್ಯಾಕ್ ಬಂದಾಗ ನೆನಪಾಗಿದ್ದು ನನ್ನ ಮೇಜು ಮತ್ತೆ ಕಂಪ್ಯೂಟರ್, ಪಾತ್ರಗಳಲ್ಲ. ಇವತ್ತಿಗೂ ಬೇಜಾರಿದೆ. ಡೀಮನ್ ಸ್ಲೇಯರ್ 19ನೇ ಎಪಿಸೋಡಲ್ಲಿ ಬರೋ, ನಾಯಕ ತಾಂಜಿರೋನ ಹೆಸರಿನ ಹಾಡನ್ನಂತೂ ಮೊದಲೇ ಹುಡುಕಿ ಕೇಳ್ಬೇಡಿ, ಅಲ್ಲಿವರೆಗೂ ಕಥೆಯಲ್ಲಿ ಬಂದೇ ಇರದ ಹಾಡು ಜಗಳದ ಮಧ್ಯೆ ಬಂದು, ಮಾಮೂಲಿ ಎಂಡಿಂಗ್ ಬದಲು ಅದರ ಮೇಲೇ ಹೆಸರುಗಳು ಬರ್ತವೆ.

ಸೀರೀಸ್ ಮುಗಿದ್ಮೇಲೆ ಒಂದೆರಡು ದಿನ ಬಿಟ್ಟು ಮೊದಲನೇ ಎಪಿಸೋಡಿನ ಓಪನಿಂಗ್ ಮತ್ತೆ ಹಾಕಿ, ಸಾಹಿತ್ಯದ ಸಬ್‌ಟೈಟಲ್ ಆನ್ ಮಾಡ್ಕೊಂಡು. ಆವತ್ತು ಯಾರೋ ಅಂತ ನೋಡಿದ್ದ ಮುಖಗಳೆಲ್ಲ ಈಗ ಗೊತ್ತಿರೋ ಮುಖಗಳು, ಯಾರು ಕೊನೇವರೆಗೂ ಉಳಿಯಲ್ಲ ಅಂತಾನೂ ಗೊತ್ತು, ಅವರು ಆ ಹಾಡಲ್ಲಿ ಇನ್ನೂ ನಗ್ತಾ ಓಡ್ತಾ ಇರ್ತಾರೆ.