ಮೊದಲು ಮಾನಿಟರ್ ಆರಿಸಿ, ಆಮೇಲೆ ಗ್ರಾಫಿಕ್ಸ್ ಕಾರ್ಡ್

ಗೇಮಿಂಗ್ ಪಿಸಿ ಜೋಡಿಸುವವರಲ್ಲಿ ಹೆಚ್ಚಿನವರು ಕಣ್ಣಿಗೆ ಬಿದ್ದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಂಡುಬಿಡುತ್ತಾರೆ, ಉಳಿದ ದುಡ್ಡಿನಲ್ಲಿ ಯಾವುದೋ ಒಂದು ಮಾನಿಟರ್ ತಂದಿಡುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ಪರದೆಯಲ್ಲಿ ಎಷ್ಟು ಪಿಕ್ಸೆಲ್ ಇದೆ, ಅದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅಂತ ಗೊತ್ತಾದ ಮೇಲೇ ಕಾರ್ಡಿಗೆ ಎಷ್ಟು ಕೆಲಸ ಇದೆ ಅನ್ನುವುದು ತಿಳಿಯೋದು.

ಚಿತ್ರ ಬದಲಿಸುವ ಈ ವೇಗವೇ ರಿಫ್ರೆಶ್ ರೇಟ್, ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಲೆಕ್ಕ ಸುಲಭ. 60 ಹರ್ಟ್ಜ್ ಪರದೆ ಒಂದೊಂದು ಚಿತ್ರವನ್ನೂ ಸುಮಾರು 16.7 ಮಿಲಿಸೆಕೆಂಡ್ ಹಿಡಿದಿಟ್ಟುಕೊಂಡಿರುತ್ತದೆ. 144ರಲ್ಲಿ ಅದು 6.9, 240ರಲ್ಲಿ 4.2, 360ರಲ್ಲಿ 2.8. ಗಮನಿಸಿ, 60ರಿಂದ 144ಕ್ಕೆ ಹೋದಾಗ ಹತ್ತಿರಹತ್ತಿರ 10 ಮಿಲಿಸೆಕೆಂಡ್ ಉಳಿಯುತ್ತದೆ, 240ರಿಂದ 360ಕ್ಕೆ ಹೋದರೆ ಒಂದೂವರೆಯೂ ಇಲ್ಲ. ನಂಬಿಕೆ ಬರದಿದ್ದರೆ ಡೆಸ್ಕ್‌ಟಾಪ್ ಮೇಲೆ ಮೌಸ್ ಬಾಣವನ್ನು ಗಿರಗಿರ ಸುತ್ತಿಸಿ ನೋಡಿ. 60ರಲ್ಲಿ ಬಾಣ ಹಾರಿ ಹಾರಿ ಹೋದಂತೆ ಕಾಣುತ್ತದೆ, ನಡುವೆ ದೊಡ್ಡ ಸಂದು. 144ರಲ್ಲಿ ಅದೇ ಸಂದು ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ. ಹಾಗಾಗಿ ಹೆಚ್ಚಿನವರಿಗೆ 144 ಅಥವಾ 165 ಸಾಕು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಶೂಟರ್‌ಗಳನ್ನೇ ದಿನಾ ಆಡುವವರಾದರೆ 240 ನೋಡಿ. ಕಥೆಯ ಗೇಮ್‌ಗಳನ್ನು ಆರಾಮಾಗಿ ಆಡುವವರಿಗೆ ಅದು ಸುಮ್ನೆ ಖರ್ಚು.

ಈಗ ರೆಸಲ್ಯೂಷನ್, ಅಂದರೆ ಪಿಕ್ಸೆಲ್ ಲೆಕ್ಕ. 1080ಪಿ ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಅಂದರೆ 36.9 ಲಕ್ಷ, 4ಕೆ ಅಂದರೆ ಸುಮಾರು 83 ಲಕ್ಷ. ಅಂದರೆ 4ಕೆ ಅನ್ನುವುದು 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಇಷ್ಟನ್ನೂ ಸೆಕೆಂಡಿಗೆ 144 ಸಲ ಬಿಡಿಸು ಅಂದರೆ ಯಾವ ಕಾರ್ಡಾದರೂ ಏದುಸಿರು ಬಿಡುತ್ತದೆ, ಸೈಬರ್‌ಪಂಕ್ 2077ರಂಥ ಗೇಮಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವುದು) ಹಾಕಿದರಂತೂ ಕೇಳಲೇಬೇಡಿ. 24 ಇಂಚಿಗೆ 1080ಪಿ, 27 ಇಂಚಿಗೆ 1440ಪಿ ಚೆನ್ನಾಗಿ ಹೊಂದುತ್ತದೆ. 27 ಇಂಚಿನ 1440ಪಿ, 165 ಹರ್ಟ್ಜ್, ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯ ಪರದೆ). ನನ್ನನ್ನು ಕೇಳಿದರೆ ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಕಾರ್ಡ್ ಪ್ರತಿ ಗೇಮಲ್ಲೂ ಸೆಕೆಂಡಿಗೆ 165 ಫ್ರೇಮ್ (ಅಂದರೆ ಚಿತ್ರ) ಕೊಡಲೇಬೇಕು ಅಂತ ಏನಿಲ್ಲ. ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದ್ದರೆ ಕಾರ್ಡ್ 90 ಕೊಟ್ಟಾಗ ಪರದೆಯೂ 90ಕ್ಕೆ ಇಳಿದು ಜೊತೆಗೆ ಹೆಜ್ಜೆ ಹಾಕುತ್ತದೆ, ಚಿತ್ರ ಮಧ್ಯಕ್ಕೆ ಹರಿದಂತೆ ಕಾಣೋದಿಲ್ಲ. ಇದಿಲ್ಲದ ಗೇಮಿಂಗ್ ಮಾನಿಟರ್ ಕಡೆ ತಲೆ ಹಾಕಬೇಡಿ. ಫ್ರೇಮ್ ಮಿತಿಯನ್ನು ಮಾನಿಟರ್ ದರಕ್ಕಿಂತ ಮೂರ್ನಾಲ್ಕು ಕಡಿಮೆ ಇಟ್ಟುಕೊಂಡರೆ ಈ ಹೊಂದಾಣಿಕೆ ತಪ್ಪೋದಿಲ್ಲ.

ಹಳೇ ಪಿಸಿಗೆ ಹೊಸ ಕಾರ್ಡ್ ಹಾಕುವ ಯೋಚನೆ ಇದ್ದರೆ ಒಂದು ಪರೀಕ್ಷೆ ಮಾಡಿ. ಗೇಮ್ ಓಡುತ್ತಿರುವಾಗ ರೆಸಲ್ಯೂಷನ್ ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಚೆನ್ನಾಗಿ ಏರಿದರೆ ಸುಸ್ತಾಗಿರುವುದು ಕಾರ್ಡ್. ಏರದೆ ಅಲ್ಲೇ ನಿಂತರೆ ತಡೆ ಇರುವುದು ಹೆಚ್ಚಾಗಿ ಪ್ರೊಸೆಸರಲ್ಲಿ, ಹೊಸ ಕಾರ್ಡ್ ಹಾಕಿದರೂ ಅಷ್ಟೇ ಬರುತ್ತದೆ. 240 ಹರ್ಟ್ಜ್ ಆಸೆ ಇರುವವರು ಇದನ್ನು ಎರಡೆರಡು ಸಲ ನೋಡಬೇಕು.

ಕಾರ್ಡಿನ ಮೆಮೊರಿ ಬಗ್ಗೆ ಜಿಪುಣತನ ಬೇಡ. 1080ಪಿಗೆ 8 ಜಿಬಿ ನಡೆಯುತ್ತದೆ, 1440ಪಿಗೆ 12 ಇದ್ದರೆ ನೆಮ್ಮದಿ. ಮೆಮೊರಿ ತುಂಬಿದಾಗ ಉಳಿದದ್ದು ಕಂಪ್ಯೂಟರಿನ ರ‍್ಯಾಮಿಗೆ ಹೋಗಿ ಕೂರುತ್ತದೆ, ಅಲ್ಲಿಂದ ಬರುವಷ್ಟರಲ್ಲಿ ಗೇಮ್ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆಡುವವನಿಗೆ ಮಾತ್ರ ಕಿರಿಕಿರಿ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅನ್ನುವ ಎರಡು ತಂತ್ರಗಳೂ ಒಳಗೊಳಗೇ ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸುತ್ತವೆ. 4ಕೆಯಲ್ಲಿ ಕ್ವಾಲಿಟಿ ಮೋಡ್ ಅಂದರೆ ಒಳಗೆ ಓಡುತ್ತಿರುವುದು 1440ಪಿ. ಧಾರಾಳವಾಗಿ ಬಳಸಿ. ನಿಜವಾದ ಫ್ರೇಮ್‌ಗಳ ನಡುವೆ ತಾನೇ ಹೊಸದನ್ನು ಸೃಷ್ಟಿಸಿ ತೂರಿಸುವ ಫ್ರೇಮ್ ಜನರೇಷನ್ ಮಾತ್ರ ಬೇರೆ ವಿಷಯ. ಅದು 60ನ್ನು ನೂರರ ಮೇಲೆ ತೋರಿಸಬಹುದು, ಆದರೆ ಮೌಸ್ ತಿರುಗಿಸಿದಾಗ ಕೈಗೆ ಸಿಗುವ ಚುರುಕು ಆ ಹಳೇ 60ರದ್ದೇ, ಇನ್ನೂ ಸ್ವಲ್ಪ ನಿಧಾನವೇ ಅನ್ನಿ. 30 ಬರುವ ಕಡೆ ಅದನ್ನು ನಂಬಿ ಕೂರಬೇಡಿ.

ಪವರ್ ಸಪ್ಲೈ ಮರೆಯಬೇಡಿ. ಆರ್‌ಟಿಎಕ್ಸ್ 4060 ಕಾರ್ಡೊಂದಕ್ಕೇ 115 ವ್ಯಾಟ್ ಬೇಕು, 4090ಕ್ಕಾದರೆ 450; ಪಿಸಿಯ ಉಳಿದ ಭಾಗಗಳದ್ದು ಬೇರೆ. ಕ್ಯಾಬಿನೆಟ್ ಒಳಗೆ ಎಷ್ಟು ಉದ್ದದ ಕಾರ್ಡ್ ಹಿಡಿಸುತ್ತದೆ ಅಂತ ಟೇಪ್ ಹಿಡಿದು ಅಳೆಯಿರಿ.

ಎಲ್ಲ ಜೋಡಿಸಿದ ಮೇಲೆ ಇನ್ನೊಂದು ಕೆಲಸ ಇದೆ. ನಾನು 144 ಹರ್ಟ್ಜ್ ಮಾನಿಟರ್ ತಂದು ಎರಡು ತಿಂಗಳು 60ರಲ್ಲೇ ಆಡಿದ್ದೇನೆ, ಅದೂ ಸಿಕ್ಕಸಿಕ್ಕವರಿಗೆಲ್ಲ "ಎಷ್ಟು ಸ್ಮೂತ್ ಆಗಿದೆ ಅಲ್ವಾ" ಅಂತ ತೋರಿಸಿಕೊಂಡು! ವಿಂಡೋಸ್ ಎಷ್ಟೋ ಸಲ 60ಕ್ಕೇ ಬಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ಹೋಗಿ ನೀವೇ ದರ ಬದಲಿಸಬೇಕು. ಪಟ್ಟಿಯಲ್ಲಿ 144 ಕಾಣದಿದ್ದರೆ ಕೇಬಲ್ ನೋಡಿ, ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಹಾಕಿ. ಎಚ್‌ಡಿಎಂಐ 2.0ರಲ್ಲಿ 4ಕೆ 60ಕ್ಕೇ ನಿಲ್ಲುತ್ತದೆ, 120 ಬೇಕಾದರೆ 2.1 ಇರಬೇಕು. ಹಾಗೇ ಪಿಸಿಯ ಹಿಂದೆ ಬಗ್ಗಿ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದ್ದೀರಾ, ಇಲ್ಲ ಮೇಲಿನ ಮದರ್‌ಬೋರ್ಡ್ ಪೋರ್ಟಿಗಾ ಅಂತಲೂ ನೋಡಿಬಿಡಿ.