ಕಂದು ಬಾತು ಯಾವುದು? ಕೊಕ್ಕಿನಿಂದ ಶುರುಮಾಡಿ

ಹೊಳೆಯುವ ಹಸಿರು ತಲೆಯ ಗಂಡು ಮಲಾರ್ಡ್ ಬಾತನ್ನು ಗುರುತಿಸಲು ಯಾರ ನೆರವೂ ಬೇಕಿಲ್ಲ. ಅದರ ಪಕ್ಕದಲ್ಲಿ ತೇಲುತ್ತಿರುವ ಮಾಸಲು ಕಂದು ಹಕ್ಕಿಯೇ ನಿಜವಾದ ಪರೀಕ್ಷೆ. ಹೆಣ್ಣುಗಳು ಮತ್ತು ಎಳೆಯ ಹಕ್ಕಿಗಳಷ್ಟೇ ಅಲ್ಲ, ಸಂತಾನದ ಋತು ಮುಗಿದ ಮೇಲೆ ಬಣ್ಣದ ಗರಿಗಳನ್ನು ಉದುರಿಸಿಕೊಂಡ ಗಂಡುಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತವೆ. ಆದ್ದರಿಂದ ಗರಿಗಿಂತ ಮೊದಲು ಕೊಕ್ಕನ್ನು ನೋಡುವುದು ಲೇಸು.

ಅದಕ್ಕೂ ಮುನ್ನ, ಕಂಡದ್ದು ಮೇಲ್ಮೈಯಲ್ಲಿ ಮೇಯುವ ಬಾತೇ ಎಂದು ಖಚಿತಪಡಿಸಿಕೊಳ್ಳಿ. ಇವು ಪೂರ್ತಿ ಮುಳುಗುವುದು ಅಪರೂಪ. ತಲೆಯನ್ನು ನೀರಿಗಿಳಿಸಿ, ಬಾಲವನ್ನು ಮೇಲೆತ್ತಿ ಮೇಯುತ್ತವೆ, ಬೆದರಿದರೆ ನೀರಿನ ಮೇಲೆ ಓಡದೆ ನೆಟ್ಟಗೆ ಚಿಮ್ಮಿ ಹಾರುತ್ತವೆ.

ಈಗ ಕೊಕ್ಕಿನ ಆಕಾರ. ತಲೆಗಿಂತ ಉದ್ದವಾಗಿ, ತುದಿಯಲ್ಲಿ ಸಲಿಕೆಯಂತೆ ಅಗಲವಾಗಿದ್ದರೆ ಅದು ಶವೆಲರ್. ಬೇರೆ ಯೋಚನೆಯೇ ಬೇಡ. ಗಿಡ್ಡನೆಯ ನೀಲಿಬೂದು ಕೊಕ್ಕು, ಕಪ್ಪು ತುದಿ, ದುಂಡು ತಲೆ ಇದ್ದರೆ ವಿಜನ್. ನೀಳ ಕತ್ತಿನ ಮೇಲೆ ಗೀರುಗಳಿಲ್ಲದ ತಲೆ, ಬೂದು ಕೊಕ್ಕು ಇದ್ದರೆ ಪಿನ್‌ಟೇಲ್. ಕಪ್ಪು ಕೊಕ್ಕಿನ ತುದಿಯನ್ನಷ್ಟೇ ಹಳದಿಯಲ್ಲಿ ಅದ್ದಿದಂತಿದ್ದರೆ ಚುಕ್ಕೆಕೊಕ್ಕಿನ ಬಾತು.

ಹೆಚ್ಚು ಮಂದಿ ಎಡವುವುದು ಹೆಣ್ಣು ಮಲಾರ್ಡ್ ಮತ್ತು ಹೆಣ್ಣು ಗ್ಯಾಡ್‌ವಾಲ್‌ಗಳ ನಡುವೆ. ಎರಡರ ಕೊಕ್ಕಿನಲ್ಲೂ ಕಿತ್ತಳೆ ಮತ್ತು ಕಪ್ಪು ಬಣ್ಣಗಳೇ ಇವೆ. ವ್ಯತ್ಯಾಸವಿರುವುದು ಅವು ಹರಡಿರುವ ರೀತಿಯಲ್ಲಿ. ಮಲಾರ್ಡ್‌ನ ಕೊಕ್ಕಿನ ನಡುವೆ ಶಾಯಿ ಚೆಲ್ಲಿದಂಥ, ಅಂಚು ನೇರವಿಲ್ಲದ ಕಲೆಯಿದ್ದರೆ, ಗ್ಯಾಡ್‌ವಾಲ್‌ನಲ್ಲಿ ಕಪ್ಪು ಬಣ್ಣ ಕೊಕ್ಕಿನ ಮೇಲ್ಭಾಗದುದ್ದಕ್ಕೂ ಸಾಗಿ, ಎರಡೂ ಬದಿಗೆ ಕಿತ್ತಳೆಯ ಅಚ್ಚುಕಟ್ಟಾದ ಪಟ್ಟಿಯನ್ನು ಉಳಿಸಿರುತ್ತದೆ. ಬಣ್ಣ ಕಳೆದುಕೊಂಡ ಗಂಡು ಮಲಾರ್ಡ್ ಹೆಣ್ಣಿನಂತೆ ಕಂಡರೂ, ಕಲೆಯಿಲ್ಲದ ಹಸಿರು ಮಿಶ್ರಿತ ಹಳದಿ ಕೊಕ್ಕು ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ.

ಅನುಮಾನ ಉಳಿದರೆ ಹಕ್ಕಿ ರೆಕ್ಕೆ ಬಿಚ್ಚುವವರೆಗೂ ಕಾಯಿರಿ. ರೆಕ್ಕೆಯ ಹಿಂಬದಿಯಲ್ಲಿ ಮಿನುಗುವ ಪಟ್ಟಿಗೆ ಸ್ಪೆಕ್ಯುಲಮ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಕನ್ನಡಿ. ಮಲಾರ್ಡ್‌ನಲ್ಲಿ ಅದು ನೀಲಿ, ಮೇಲೂ ಕೆಳಗೂ ಬಿಳಿ ಗೆರೆ. ಗ್ಯಾಡ್‌ವಾಲ್‌ನಲ್ಲಿ ಮೈಗೆ ತಾಗಿದ ಭಾಗ ಚೌಕಾಕಾರದ ಬಿಳಿ ತೇಪೆ. ಈ ಮಿನುಗು ಬಣ್ಣದ್ರವ್ಯದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚೆದುರುವುದರಿಂದ ಹುಟ್ಟಿದ್ದು. ಆದ್ದರಿಂದ ಸೂರ್ಯನಿಗೆ ಎದುರಾಗಿ ನಿಂತು ನೋಡಿದರೆ ನೀಲಿ, ಹಸಿರು ಎರಡೂ ಕಪ್ಪಾಗಿಯೇ ಕಾಣುತ್ತವೆ. ಬೆನ್ನಿಗೆ ಬಿಸಿಲು ಬೀಳುವ ಜಾಗ ಹುಡುಕಿಕೊಳ್ಳಿ.

ಗಾತ್ರದಲ್ಲಿ ತೀರ ಪುಟ್ಟದಾದ ಕಂದು ಬಾತು ಕಂಡರೆ ಮುಖ ನೋಡಿ: ಕಣ್ಣಿನ ಗೆರೆ ಗಾಢವಾಗಿ, ಕೊಕ್ಕಿನ ಬುಡದಲ್ಲಿ ಬಿಳಿಚಿದ ಚುಕ್ಕೆಯಿದ್ದರೆ ಗಾರ್ಗನಿ, ಮುಖ ಸಪ್ಪೆಯಾಗಿ, ಬಾಲದ ಬುಡದ ಪಕ್ಕದಲ್ಲಿ ತಿಳಿಬಣ್ಣದ ಗೀರಿದ್ದರೆ ಟೀಲ್. ಯಾವ ವಿವರಣೆಗೂ ಹೊಂದದ, ಎದೆಯಲ್ಲಿ ಅಡ್ಡಾದಿಡ್ಡಿ ಬಿಳಿ ಮಚ್ಚೆಯಿರುವ ದಪ್ಪ ಹಕ್ಕಿ ಎದುರಾದರೆ, ಅದು ಸಾಕುಬಾತಿನೊಡನೆ ಬೆರೆತ ಮಲಾರ್ಡ್‌ನ ಸಂತತಿ ಆಗಿರುವ ಸಂಭವವೇ ಹೆಚ್ಚು.