ಮಗುವಿನ ಮೇಲೆ ಕೈ ಏಳುವ ಮುಂಚೆ

ನಾನು ಪೀಣ್ಯದ ಹತ್ತಿರ ಅಂಗನವಾಡಿ ಟೀಚರ್. ಬರುವ ಮಕ್ಕಳಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು. ಒಂದು ಮಗುವಿನ ತೊಡೆ ಮೇಲೆ ಬಾಸುಂಡೆ ಕಂಡು ತಾಯಿಯನ್ನು ಕೇಳಿದೆ. "ಹಾಲು ಚೆಲ್ಲಿದ, ಟೀಚರ್" ಅಂದರು. ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದ ಮೇಲೆ ಉಳಿದದ್ದು ಬಂತು. ಪ್ರೊಡಕ್ಷನ್ ಕಮ್ಮಿ ಅಂತ ಲೈನ್‌ನಲ್ಲಿ ಎಲ್ಲರ ಮುಂದೆ ಬೈಸಿಕೊಂಡಿದ್ದರು, ಮಾರನೇ ದಿನ ಸಂಘದ ಕಂತು ಬೇರೆ ಕಟ್ಟಬೇಕಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ.

ನಾನು ನೋಡಿದ ಹಾಗೆ ಏಟು ಜಾಸ್ತಿ ಬೀಳುವುದು ಕೆಲಸದಿಂದ ಬಂದು ಊಟ ಆಗುವುದರೊಳಗೆ. ನಿಮಗೂ ಹಸಿವು, ಮಗುವಿಗೂ ಹಸಿವು. ಬಂದ ಕೂಡಲೇ ಪಾತ್ರೆಗೆ ಕೈ ಹಾಕಬೇಡಿ. ಇಬ್ಬರೂ ಕೂತು ಒಂದು ಬಾಳೆಹಣ್ಣೋ, ಒಂದು ಹಿಡಿ ಕಡ್ಲೆಪುರಿಯೋ ತಿನ್ನಿ. ಹೋಂವರ್ಕ್ ವಿಚಾರ ಊಟದ ನಂತರ. ಒಂದು ದಿನ ಆಗದಿದ್ದರೆ ಹಾಗೇ ಕಳಿಸಿ, ಟೀಚರ್‌ಗೆ ನೀವೇ ಹೇಳಿ.

ಹಲ್ಲು ಕಚ್ಚಿಕೊಳ್ಳುತ್ತೆ, ಕಿವಿ ಬಿಸಿಯಾಗುತ್ತೆ, ದನಿ ಏರುತ್ತೆ. ಆಗಲೇ ಒಲೆ ಆರಿಸಿ, "ಅಮ್ಮನಿಗೆ ಸಿಟ್ಟು ಬಂದಿದೆ, ಈಗ ಬರ್ತೀನಿ" ಅಂತ ಹೇಳಿ ಬಾಗಿಲ ಹೊರಗೆ ನಿಲ್ಲಿ. ಕೈಗೂಸಾದರೆ ಚಾಪೆ ಮೇಲೆ ಅಂಗಾತ ಮಲಗಿಸಿ ದೂರ ಸರಿಯಿರಿ. ಅಳಲಿ, ಪರವಾಗಿಲ್ಲ. ಹಿಡಿದು ಕುಲುಕಬೇಡಿ, ಮಿದುಳಿಗೆ ಪೆಟ್ಟಾಗಿ ಜೀವವೇ ಹೋಗಬಹುದು.

ವಠಾರದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತೆ. ಅದನ್ನು ಬಳಸಿಕೊಳ್ಳಿ. ಪಕ್ಕದ ಮನೆ ಅಕ್ಕನಿಗೆ, "ನನ್ನ ದನಿ ಜೋರಾದ್ರೆ ಸಕ್ಕರೆ ಕೇಳೋ ನೆಪದಲ್ಲಿ ಬಾಗಿಲು ತಟ್ಟಕ್ಕಾ" ಅಂತ ಮೊದಲೇ ಹೇಳಿಡಿ. ನಮ್ಮ ಬೀದಿಯ ಇಬ್ಬರು ಹೀಗೆ ಮಾಡುತ್ತಾರೆ. ಬಾಗಿಲು ತೆಗೆಯುವಷ್ಟರಲ್ಲಿ ಎತ್ತಿದ ಕೈ ಇಳಿದಿರುತ್ತೆ. ಇದರಷ್ಟು ಕೆಲಸ ಮಾಡಿದ್ದು ನಾನು ಇನ್ನೊಂದು ನೋಡಿಲ್ಲ.

ಹೊಡೆದೇಬಿಟ್ಟಿರಾ? "ಹೊಡೆದದ್ದು ತಪ್ಪು ಕಂದ" ಅನ್ನಿ. "ನೀನು ಹಂಗ್ಮಾಡಿದ್ದಕ್ಕೇ" ಅಂತ ಸೇರಿಸಬೇಡಿ. ಅಪ್ಪ ಕುಡಿದು ಬಂದ ರಾತ್ರಿ ಮಗುವಿಗೆ ಬುದ್ಧಿ ಹೇಳಲು ಹೋಗುವುದೇ ಬೇಡ.

"ನಮ್ಮ ಮಗು, ನಾವು ಹೊಡೀತೀವಿ" ಅನ್ನುವವರಿಗೆ ಒಂದು ಮಾತು: ಮಗುವಿಗೆ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ ಹೆತ್ತವರಿಗೂ ಜೈಲಾಗಬಹುದು. ಸಿಟ್ಟು ಕೈ ಮೀರುತ್ತಿದೆ, ನಿದ್ದೆ ಇಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗುವಿಗೆ ಅಪಾಯ ಇದ್ದರೆ ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಈಗಲೇ ಮೊಬೈಲ್‌ನಲ್ಲಿ ಸೇವ್ ಮಾಡಿಕೊಳ್ಳಿ.